ಓದುಗರ ಪ್ರಶ್ನೆ: ವೆಬ್ ಚಿತ್ರಗಳಿಗೆ ಬಣ್ಣ ಎಲ್ಲಿಂದ?

ಪ್ರಶ್ನೆ: ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳ ಬಣ್ಣ ನಿಜವೇ? ಮೂಲ ಚಿತ್ರಗಳು ಎಲ್ಲರಿಗೂ ಸಿಗುತ್ತವಂತೆ. ಮನೆಯ ಕಂಪ್ಯೂಟರಿನಲ್ಲಿ ನಾವೇ ಬಣ್ಣ ಕೂಡಿಸಬಹುದೇ?
(ಪದವಿ ವಿದ್ಯಾರ್ಥಿನಿ, ಸಾಗರ)

ಉತ್ತರ: ಬಣ್ಣ ನಾವು ಕೊಟ್ಟದ್ದೇ, ಆದರೆ ಮನಸ್ಸಿಗೆ ಬಂದಂತೆ ಬಳಿದದ್ದಲ್ಲ. ವೆಬ್ ಹಿಡಿಯುವುದು 0.6ರಿಂದ 28 ಮೈಕ್ರಾನ್‌ವರೆಗಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತರಂಗದುದ್ದದ ಬೆಳಕು. ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು. ಒಂದೊಂದು ಫಿಲ್ಟರಿನಲ್ಲೂ ಸಿಗುವುದು ಕಪ್ಪು-ಬಿಳುಪು ಚಿತ್ರ. ಚಿಕ್ಕ ತರಂಗಕ್ಕೆ ನೀಲಿ, ನಡುವಿನದಕ್ಕೆ ಹಸಿರು, ಉದ್ದದ್ದಕ್ಕೆ ಕೆಂಪು. ಈ ಸರದಿ ತಪ್ಪಬಾರದು, ಅಷ್ಟೆ.

ಮನೆಯಲ್ಲಿ ಧಾರಾಳವಾಗಿ ಮಾಡಬಹುದು. ಬಾಲ್ಟಿಮೋರ್‌ನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟಿನ ‘ಮಾಸ್ಟ್’ ಭಂಡಾರದಲ್ಲಿ 2731 ಎಂಬ ಪ್ರಸ್ತಾವ ಸಂಖ್ಯೆ ಹುಡುಕಿ. ಅದು 2022ರ ಜುಲೈಯಲ್ಲಿ ಬಿಡುಗಡೆಯಾದ ಕರೀನಾ ನೀಹಾರಿಕೆಯ ಅಂಚು. (ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ನಮ್ಮ ದಕ್ಷಿಣ ದಿಗಂತದ ಮೇಲೆ ತಗ್ಗಿನಲ್ಲಿ ಬರುವ ನೀಹಾರಿಕೆಯೇ ಇದು, ಬೈನಾಕ್ಯುಲರ್‌ಗೆ ಸಿಗುತ್ತದೆ.) ಹೆಸರಿನ ಕೊನೆಗೆ ‘ಐ2ಡಿ’ (i2d) ಎಂದಿರುವ ಫಿಟ್ಸ್ ಕಡತಗಳನ್ನಷ್ಟೇ (ಖಗೋಳ ಚಿತ್ರಗಳನ್ನು ಇಡುವ ಕಡತ ರೂಪ) ಇಳಿಸಿಕೊಳ್ಳಿ. ನೀಲಿಗೆ ಎಫ್090ಡಬ್ಲ್ಯೂ, ಹಸಿರಿಗೆ ಎಫ್200ಡಬ್ಲ್ಯೂ, ಕೆಂಪಿಗೆ ಎಫ್444ಡಬ್ಲ್ಯೂ, ಈ ಮೂರು ಫಿಲ್ಟರ್ ಸಾಕು. ಕಡತಗಳು ಭಾರೀ ದೊಡ್ಡವು. ಮೊಬೈಲ್ ಡೇಟಾ ನಂಬಿ ಕೂರಬೇಡಿ.

ಈ ಕಡತಗಳನ್ನು ತೆರೆಯುವ ತಂತ್ರಾಂಶವಾದ ಫಿಟ್ಸ್ ಲಿಬರೇಟರ್‌ನಲ್ಲಿ ತೆರೆದರೆ ಪರದೆ ಬರೀ ಕಪ್ಪು. ಹೆಚ್ಚಿನವರು ಕೈಬಿಡುವುದು ಇಲ್ಲೇ. ಕಡತ ಕೆಟ್ಟಿಲ್ಲ, ನಕ್ಷತ್ರಗಳ ಹೊಳಪಿನ ಮುಂದೆ ಅನಿಲದ ಬೆಳಕು ಎಷ್ಟು ಮಂದವೆಂದರೆ ನೇರ ಅಳತೆಯಲ್ಲಿ ಅದು ಕಾಣುವುದೇ ಇಲ್ಲ. ಮಂದ ಬೆಳಕನ್ನು ಎತ್ತಿ ತೋರಿಸುವ ಲಾಗ್ ಅಥವಾ ಆರ್ಕ್‌ಸಿನ್ಹ್ ಅಳತೆಗೆ ಬದಲಿಸಿ, ಕಪ್ಪು-ಬಿಳಿ ಮಿತಿಗಳನ್ನು ಸರಿಸಿ, 16 ಬಿಟ್ ಟಿಫ್ ಆಗಿ ಉಳಿಸಿ.

ಮುಂದಿನ ಕೆಲಸ ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ. ಎಫ್444ಡಬ್ಲ್ಯೂ ಚಿತ್ರದ ಒಂದು ಪಿಕ್ಸೆಲ್ ಆಕಾಶದಲ್ಲಿ ಉಳಿದೆರಡರ ಪಿಕ್ಸೆಲ್‌ಗಿಂತ ಎರಡು ಪಟ್ಟು ಅಗಲ. ಹಾಗಾಗಿ ಅದನ್ನು 200 ಶೇಕಡಾ ಹಿಗ್ಗಿಸಿ, ನಾಲ್ಕೈದು ನಕ್ಷತ್ರ ಗುರುತಿಟ್ಟು ಉಳಿದೆರಡರ ಮೇಲೆ ಸರಿಯಾಗಿ ಕೂರಿಸಿ. ಇಲ್ಲವಾದರೆ ಪ್ರತಿ ನಕ್ಷತ್ರದ ಪಕ್ಕದಲ್ಲೂ ಕೆಂಪು ನೆರಳು ನಿಲ್ಲುತ್ತದೆ. ದೊಡ್ಡ ನಕ್ಷತ್ರದ ನಟ್ಟನಡುವೆ ಕರಿ ಚುಕ್ಕೆ ಕಂಡರೆ ಕಪ್ಪು ಕುಳಿ ಸಿಕ್ಕಿತೆಂದು ಹಿಗ್ಗಬೇಡಿ. ಬೆಳಕು ತುಂಬಿ ತುಳುಕಿ ಅಳತೆಯೇ ದಾಖಲಾಗದ ಜಾಗ ಅದು. ಬಿಳಿ ತುಂಬಿ.

ಪ್ರಶ್ನೆ: ನಕ್ಷತ್ರಗಳಿಗೆ ಎಂಟು ಕೋಡು ಏಕೆ?
(ಓದುಗರು, ಗದಗ)

ಉತ್ತರ: ಆರು ಮೂಲೆಯ ಕನ್ನಡಿ ತುಣುಕುಗಳ ಅಂಚಿನಿಂದ ಆರು. ಮುಂದಿನ ಚಿಕ್ಕ ಕನ್ನಡಿಯನ್ನು ಹಿಡಿದ ಮೂರು ಕಾಲುಗಳಿಂದ ಇನ್ನಾರು. ಇವುಗಳಲ್ಲಿ ನಾಲ್ಕು ಮೊದಲಿನವುಗಳ ಮೇಲೇ ಬೀಳುತ್ತವೆ. ಉಳಿದ ಗಿಡ್ಡ ಎರಡು ಸೇರಿ ಎಂಟು.

ಪ್ರಶ್ನೆ: ಹಬಲ್‌ನಂತೆ ವೆಬ್ ಅನ್ನೂ ರಿಪೇರಿ ಮಾಡಬಹುದೇ?
(ನಿವೃತ್ತ ಶಿಕ್ಷಕರು, ತುಮಕೂರು)

ಉತ್ತರ: ಆಗದು. ಹಬಲ್‌ಗೆ 1993ರಿಂದ 2009ರೊಳಗೆ ಗಗನಯಾತ್ರಿಗಳು ಐದು ಸಲ ಹೋಗಿಬಂದರು. ವೆಬ್ ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ. 2022ರ ಮೇನಲ್ಲಿ ಉಲ್ಕಾಕಣವೊಂದು 18 ಕನ್ನಡಿ ತುಣುಕುಗಳಲ್ಲಿ ಒಂದಕ್ಕೆ ಬಡಿದಾಗ, ಭೂಮಿಯಿಂದಲೇ ಆ ತುಣುಕಿನ ಸ್ಥಾನ ಸರಿಪಡಿಸಿ ದೋಷವನ್ನು ತುಸು ತಗ್ಗಿಸಿದರು. ದೂರದಿಂದ ಮಾಡಬಹುದಾದದ್ದು ಇಂಥವಷ್ಟೇ.