ದೋಣಿಯೇ ಮನೆಯಾದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಯಿದೋಣಿಯಲ್ಲೇ ವಾಸವಿದ್ದು ದೂರದ ಸಮುದ್ರಯಾನ ಮಾಡುವವರು, ಮಾಡಹೊರಟವರು ಕೇಳಿದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರ: ನಮ್ಮದು 12 ಮೀಟರ್ ಉದ್ದದ ದೋಣಿ, 20 ಕಿಲೋ ಲಂಗರು. 6 ಮೀಟರ್ ಆಳದಲ್ಲಿ 25 ಮೀಟರ್ ಸರಪಳಿ ಬಿಟ್ಟು ಮಲಗುತ್ತೇವೆ. ಗಾಳಿ ಜೋರಾದ ರಾತ್ರಿಗಳಲ್ಲಿ ಲಂಗರು ಜಾರುತ್ತದೆ. ಇನ್ನೂ ಭಾರದ ಲಂಗರು ಕೊಳ್ಳಬೇಕೇ?

ಉ: ಮೊದಲು ಸರಪಳಿಯ ಲೆಕ್ಕ, ಲಂಗರಿನ ಮಾತು ಆಮೇಲೆ. ಆಳಮಾಪಕ ತೋರಿಸುವ 6 ಮೀಟರನ್ನಷ್ಟೇ ನೀವು ಹಿಡಿದಿದ್ದೀರಿ. ದೋಣಿಯ ಮೂತಿಯಲ್ಲಿ ಸರಪಳಿ ಹೊರಬೀಳುವ ರೋಲರು ನೀರಿನಿಂದ ಸುಮಾರು 1.3 ಮೀಟರ್ ಮೇಲಿರುತ್ತದೆ. ಇಳಿತದ ಹೊತ್ತಿಗೆ ಲಂಗರು ಹಾಕಿದ್ದು, ಭರತಕ್ಕೆ ನೀರು 2 ಮೀಟರ್ ಏರುವ ಜಾಗವಾದರೆ ನಿಜವಾದ ಎತ್ತರ 9.3 ಮೀಟರ್. ಅದಕ್ಕೆ 25 ಮೀಟರ್ ಸರಪಳಿ ಎಂದರೆ ಮೂರು ಪಟ್ಟೂ ಆಗಲಿಲ್ಲ. ಸಾಧಾರಣ ಹವೆಯಲ್ಲಿ ಐದು ಪಟ್ಟು, ಅಂದರೆ 46.5 ಮೀಟರ್ ಬೇಕು. ಜೋರು ಗಾಳಿಯ ಮುನ್ಸೂಚನೆ ಇದ್ದರೆ ಏಳು ಪಟ್ಟು, 65 ಮೀಟರ್. ಸರಪಳಿಯ ಬದಲು ಹೆಚ್ಚಿನ ಪಾಲು ಹಗ್ಗವೇ ಇದ್ದರೆ ಏಳಕ್ಕಿಂತ ಕಡಿಮೆ ಬೇಡವೇ ಬೇಡ.

ಇಷ್ಟೇಕೆ ಎಂದರೆ, ಎಳೆತ ನೆಲದ ಮಟ್ಟಕ್ಕೆ ಇದ್ದಾಗ ಮಾತ್ರ ಲಂಗರು ಮಣ್ಣಿನೊಳಗೆ ಇಳಿಯುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಸಣ್ಣ ಗಾಳಿಯಲ್ಲಿ ಸರಪಳಿ ತನ್ನ ತೂಕಕ್ಕೆ ಜೋತು ನೆಲದ ಮೇಲೆ ಮಲಗಿರುವುದರಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಗಾಳಿ ಬಲಿತಾಗ ಆ ಜೋತು ಪೂರ್ತಿ ಬಿಗಿದು ಸರಪಳಿ ಕೋಲಿನಂತೆ ನೆಟ್ಟಗಾಗುತ್ತದೆ. ಆಗ ಉಳಿಯುವುದು ಉದ್ದದಿಂದ ಬರುವ ಕೋನ ಒಂದೇ.

ಹಾಕುವ ಕ್ರಮವೂ ಮುಖ್ಯ. ಗಾಳಿಗೆ ಮುಖಮಾಡಿ ದೋಣಿಯನ್ನು ಪೂರ್ತಿ ನಿಲ್ಲಿಸಿ, ಲಂಗರು ನೆಲ ಮುಟ್ಟುವಷ್ಟೇ ಸರಪಳಿ ಬಿಡಿ. ದೋಣಿ ತಾನಾಗಿ ಹಿಂದಕ್ಕೆ ತೇಲತೊಡಗಿದ ಮೇಲೆ ಉಳಿದದ್ದನ್ನು ಅದರ ವೇಗಕ್ಕೆ ತಕ್ಕಂತೆ ಬಿಡುತ್ತಾ ಹೋಗಿ. ಒಂದೇ ಸಲ ಸುರಿದರೆ ಸರಪಳಿ ಲಂಗರಿನ ಮೇಲೆಯೇ ಗುಪ್ಪೆಯಾಗಿ ಬಿದ್ದು ಅದರ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ಎಲ್ಲ ಬಿಟ್ಟಾದ ಮೇಲೆ ಎಂಜಿನ್ನನ್ನು ನಿಧಾನ ಹಿಂದಕ್ಕೆ ಒಂದು ನಿಮಿಷ ಓಡಿಸಿ, ಬಳಿಕ ಮೂರರಲ್ಲಿ ಎರಡು ಪಾಲು ವೇಗಕ್ಕೆ ಏರಿಸಿ ಅರ್ಧ ನಿಮಿಷ ಹಿಡಿಯಿರಿ. ಆಗ ಒಬ್ಬರು ಮೂತಿಯಲ್ಲಿ, ರೋಲರಿನಿಂದ ಆಚೆಗೆ, ಸರಪಳಿಯ ಮೇಲೆ ಅಂಗಾಲಿಟ್ಟು ನೋಡಬೇಕು: ಕಟಕಟ ಅದುರಿದರೆ ಲಂಗರು ಜಾರುತ್ತಿದೆ, ಬಿಗಿದು ಸುಮ್ಮನಿದ್ದರೆ ಕಚ್ಚಿದೆ. ದಡದ ಮೇಲೆ ಒಂದರ ಹಿಂದೊಂದು ನಿಂತ ಎರಡು ಗುರುತುಗಳನ್ನು ಪಕ್ಕಕ್ಕೆ ಆರಿಸಿಕೊಂಡು ಅವು ಸರಿಯುತ್ತಿಲ್ಲವೆಂದು ಖಾತರಿ ಮಾಡಿಕೊಳ್ಳಿ. ಎರಡು ಸಲ ಹಾಕಿದರೂ ಕಚ್ಚದಿದ್ದರೆ ಕೆಳಗೆ ಬಂಡೆಯೋ ಸಮುದ್ರ ಹುಲ್ಲೋ ಇರಬಹುದು. ಮೊಂಡು ಹಿಡಿಯದೆ ಜಾಗ ಬದಲಿಸಿ.

ಸರಪಳಿಯ ಎಳೆತವನ್ನು ಲಂಗರೆತ್ತುವ ಯಂತ್ರದ ಮೇಲೆ ಬಿಡಬೇಡಿ. ಅದು ಎತ್ತುವುದಕ್ಕೆ ಇರುವಂಥದ್ದು, ರಾತ್ರಿಯಿಡೀ ಅಲೆಯ ಜಗ್ಗಾಟ ತಡೆಯುವುದಕ್ಕಲ್ಲ. 14 ಮಿಲಿಮೀಟರ್ ದಪ್ಪದ, 8ರಿಂದ 10 ಮೀಟರ್ ಉದ್ದದ ನೈಲಾನ್ ಹಗ್ಗವನ್ನು ಕೊಕ್ಕೆಯಿಂದ ಸರಪಳಿಗೆ ಸಿಕ್ಕಿಸಿ ಡೆಕ್ಕಿನ ಗಟ್ಟಿ ಗೂಟಕ್ಕೆ ಕಟ್ಟಿ. ನೈಲಾನ್ ಹಿಗ್ಗುತ್ತದೆ, ಆ ಹಿಗ್ಗೇ ಹೊಡೆತವನ್ನು ನುಂಗುತ್ತದೆ. ಹಗ್ಗ ಅಂಚಿಗೆ ಉಜ್ಜುವ ಕಡೆ ಹಳೆಯ ಪೈಪಿನ ತುಂಡು ತೊಡಿಸಿ.

ಲಂಗರು ಜಾರಿದರೆ ಎಚ್ಚರಿಸುವ ಜಿಪಿಎಸ್ ಅಲಾರಂ ಇದ್ದರೆ, ಅದರ ಕೇಂದ್ರವನ್ನು ಲಂಗರು ನೆಲ ಮುಟ್ಟಿದ ಕ್ಷಣದಲ್ಲಿ ಗುರುತಿಸಿ. ಎಲ್ಲ ಮುಗಿದು ದೋಣಿ ಹಿಂದೆ ಬಂದು ನಿಂತ ಮೇಲೆ ಗುರುತಿಸಿದರೆ, ಗಾಳಿಯ ದಿಕ್ಕು ತಿರುಗಿದಾಗಲೆಲ್ಲ ಅದು ಸುಮ್ಮಸುಮ್ಮನೆ ಕೂಗುತ್ತದೆ. ಕೊನೆಗೆ ನೀವು ಅದನ್ನು ಆರಿಸಿ ಮಲಗುತ್ತೀರಿ.

ಇನ್ನು ನಿಮ್ಮ ಪ್ರಶ್ನೆಗೆ: ಆ ಅಳತೆಯ ದೋಣಿಯಲ್ಲೇ ವಾಸವಿರುವವರಿಗೆ 20 ಕಿಲೋ ಸ್ವಲ್ಪ ಹಗುರವೇ. 25 ಕಿಲೋದ್ದಕ್ಕೆ ಹೋಗುವುದು ಒಳ್ಳೆಯದು. ಆದರೆ ಮೂರು ಪಟ್ಟೂ ಸರಪಳಿ ಬಿಡದೆ 25 ಕಿಲೋ ಲಂಗರು ಹಾಕಿದರೂ ಅದು ಜಾರುತ್ತದೆ.

ಪ್ರ: ಬಂದರಿನಲ್ಲಿ ಗಂಟೆಗಟ್ಟಲೆ ಚೆನ್ನಾಗಿ ಓಡುವ ಡೀಸೆಲ್ ಎಂಜಿನ್, ಹೊರಗೆ ಅಲೆ ಎದ್ದೊಡನೆ ಉಸಿರುಗಟ್ಟಿದಂತಾಗಿ ನಿಂತುಹೋಗುತ್ತದೆ. ಫಿಲ್ಟರು ಹೋದ ತಿಂಗಳಷ್ಟೇ ಹೊಸದು.

ಉ: ತಪ್ಪು ಎಂಜಿನ್ನಿನದಲ್ಲ, ಟ್ಯಾಂಕಿನದು. ಡೀಸೆಲಿನ ಅಡಿಯಲ್ಲಿ ನೀರು ನಿಂತರೆ, ನೀರೂ ಎಣ್ಣೆಯೂ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಬಂದರಿನಲ್ಲಿ ಅದು ತಳದಲ್ಲಿ ಕದಲದೆ ಕೂತಿರುತ್ತದೆ. ದೋಣಿ ಹೊಯ್ದಾಡಿದಾಗ ಕದಡಿ ಎದ್ದು, ಹೀರುವ ಕೊಳವೆಗೆ ಸೇರಿ, ಹೊಸ ಫಿಲ್ಟರನ್ನೂ ಹತ್ತು ನಿಮಿಷದಲ್ಲಿ ಕಟ್ಟಿಹಾಕುತ್ತದೆ.

ಪರೀಕ್ಷೆ ಸುಲಭ. ಟ್ಯಾಂಕಿನ ತೀರ ತಳದಿಂದ ಒಂದು ಲೀಟರ್ ತೆಗೆದು ಗಾಜಿನ ಜಾಡಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅಡಿಯಲ್ಲಿ ನೀರು, ನಡುವೆ ಕಪ್ಪು ಪೊರೆ ಕಂಡರೆ ಅದೇ ರೋಗ. ಜೀವಿನಾಶಕ ದ್ರಾವಣ ಸುರಿದರೆ ಜೀವಿಗಳು ಸಾಯುತ್ತವೆ ನಿಜ, ಆದರೆ ಸತ್ತ ಲೋಳೆಯೂ ಫಿಲ್ಟರಿಗೇ ಬರುತ್ತದೆ. ಆದ್ದರಿಂದ ಮೊದಲು ಟ್ಯಾಂಕಿನ ಮುಚ್ಚಳ ಬಿಚ್ಚಿ ತಳವನ್ನು ಕೈಯಿಂದ ಒರೆಸಿ ತೆಗೆಯಬೇಕು. ಮುಚ್ಚಳವೇ ಇಲ್ಲದ ಟ್ಯಾಂಕಾದರೆ ಒಂದನ್ನು ಕೊರೆಸುವುದೇ ದಾರಿ. ನೀರು ಎಲ್ಲಿಂದ ಬಂತು ಎಂದು ಹುಡುಕುವಾಗ ಡೆಕ್ಕಿನ ಮೇಲೆ ಡೀಸೆಲ್ ತುಂಬುವ ಬಾಯಿಯ ರಬ್ಬರ್ ಉಂಗುರವನ್ನು ಮೊದಲು ನೋಡಿ. ಒಣಗಿ ಬಿರಿದ ಆ ಉಂಗುರದ ಮೂಲಕವೇ ಸಾಮಾನ್ಯವಾಗಿ ಅಲೆಯ ನೀರು ಇಳಿಯುತ್ತದೆ.

ಮೊದಲ ಫಿಲ್ಟರಿನ ರಂಧ್ರ 10 ಅಥವಾ 30 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಎಂಜಿನ್ನಿನ ಮೇಲಿನದು 2 ಮೈಕ್ರಾನ್ ಇರಲಿ. ಮೊದಲನೆಯದಕ್ಕೇ 2 ಮೈಕ್ರಾನ್ ಹಾಕಿದರೆ ಎಲ್ಲ ಕೊಳೆಯ ಹೊರೆಯೂ ಅದರ ಮೇಲೆಯೇ ಬೀಳುತ್ತದೆ. ದೂರದ ಯಾನಕ್ಕೆ ಮೊದಲ ಫಿಲ್ಟರಿನ ಬಿಡಿಗಳು ಆರಾದರೂ ಜೊತೆಗಿರಬೇಕು.

ಫಿಲ್ಟರು ಬದಲಿಸಿದ ಮೇಲೆ ಡೀಸೆಲ್ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವಾಗ ಒಂದು ಅಪಾಯವಿದೆ. ಅದರಿಂದ ಎಂಜಿನ್ನುಗಳೇ ಹಾಳಾಗುತ್ತವೆ. ಎಂಜಿನ್ ಹತ್ತದೆ ಸ್ಟಾರ್ಟರನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದರೆ ಎಂಜಿನ್ನನ್ನು ತಂಪುಮಾಡುವ ಸಮುದ್ರದ ನೀರಿನ ಪಂಪೂ ತಿರುಗುತ್ತಿರುತ್ತದೆ. ಹೊಗೆಯ ಒತ್ತಡವಿಲ್ಲದ್ದರಿಂದ ಆ ನೀರು ಹೊರಗೆ ಹೋಗದೆ ಹೊಗೆಕೊಳವೆಯಲ್ಲಿ ತುಂಬಿ, ಹಿಂದಕ್ಕೆ ಸಿಲಿಂಡರಿನೊಳಗೆ ಇಳಿಯುತ್ತದೆ. ಹಾಗಾಗಿ ಹೆಚ್ಚು ಹೊತ್ತು ತಿರುಗಿಸಬೇಕಾದಾಗ ನೀರು ಒಳಬರುವ ವಾಲ್ವು ಮುಚ್ಚಿ. ಎಂಜಿನ್ ಹತ್ತಿದ ಕ್ಷಣವೇ ತೆರೆಯಿರಿ. ಮರೆತರೆ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ (ಇಂಪೆಲ್ಲರ್) ಒಣಗಿ ಸುಟ್ಟು ಚೂರಾಗುತ್ತದೆ. ವಾಲ್ವು ಮುಚ್ಚಿದಾಗ ಎಂಜಿನ್ನಿನ ಕೀಲಿಗೆ ಒಂದು ಕೆಂಪು ಬಟ್ಟೆ ಕಟ್ಟಿಕೊಳ್ಳಿ.

ಪ್ರ: ಇಬ್ಬರೇ ಹೋಗುತ್ತೇವೆ. ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,800 ನಾಟಿಕಲ್ ಮೈಲು (ಸಮುದ್ರದ ಮೈಲು, ಒಂದಕ್ಕೆ 1.85 ಕಿಲೋಮೀಟರ್). ಎಷ್ಟು ನೀರು ಒಯ್ಯಬೇಕು? ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಇದೆ.

ಉ: ಯಂತ್ರ ಇಲ್ಲವೆಂದೇ ಲೆಕ್ಕ ಹಾಕಿ. ದಿನಕ್ಕೆ 120 ಮೈಲು ಸಾಗಿದರೆ 23–24 ದಿನ. ಗಾಳಿ ಬಿದ್ದರೆ, ಹಾಯಿ ಹರಿದರೆ, ಕೂವೆ (ಹಾಯಿಕಂಬ) ಮುರಿದರೆ ಎಂದು ಅದರ ಅರ್ಧ ಸೇರಿಸಿ 36 ದಿನ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್. ಒಟ್ಟು 288 ಲೀಟರ್. ಸ್ನಾನ, ಪಾತ್ರೆಗೆ ಸಮುದ್ರವೇ ಇದೆ. ಕೊನೆಗೊಂದು ಚೊಂಬು ಸಿಹಿನೀರು ಸಾಕು.

ಆ ನೀರು ಒಂದೇ ಟ್ಯಾಂಕಿನಲ್ಲಿ ಇರಕೂಡದು. ಎರಡು ಟ್ಯಾಂಕು, ನಡುವೆ ಮುಚ್ಚಿದ ವಾಲ್ವು, ಜೊತೆಗೆ 20 ಲೀಟರಿನ ಎರಡು ಮೂರು ಕ್ಯಾನು. ಕ್ಯಾನುಗಳನ್ನು ಕಂಠಪೂರ್ತಿ ತುಂಬಬೇಡಿ. ಸ್ವಲ್ಪ ಗಾಳಿ ಬಿಟ್ಟರೆ ದೋಣಿ ತೊರೆಯಬೇಕಾಗಿ ಬಂದಾಗ ನೀರಿಗೆಸೆದರೂ ತೇಲುತ್ತವೆ. ನಲ್ಲಿಗೆ ಒತ್ತಡ ಕೊಡುವ ವಿದ್ಯುತ್ ಪಂಪನ್ನು ಸಮುದ್ರದಲ್ಲಿ ಆರಿಸಿ, ಕಾಲಿನಿಂದ ಒತ್ತುವ ಪಂಪು ಬಳಸಿ. ಎಲ್ಲೋ ಒಂದು ಪೈಪು ಕಳಚಿದರೆ ವಿದ್ಯುತ್ ಪಂಪು ಇಡೀ ಟ್ಯಾಂಕನ್ನು ದೋಣಿಯ ತಳಕ್ಕೆ ಸುರಿದುಬಿಡುತ್ತದೆ.

ಯಂತ್ರದಲ್ಲಿ ಉಪ್ಪನ್ನು ಸೋಸುವ ಪೊರೆಗೆ ಇಬ್ಬರು ಶತ್ರುಗಳು: ಎಣ್ಣೆ ಮತ್ತು ಕ್ಲೋರಿನ್. ಎಣ್ಣೆ ತೇಲುವ ಬಂದರಿನಲ್ಲಿ ಓಡಿಸಬೇಡಿ. ಕೆಲವು ದಿನ ಓಡಿಸದಿದ್ದರೆ ಸಿಹಿನೀರಿನಿಂದ ತೊಳೆಯಬೇಕು. ಆದರೆ ದಡದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಇದ್ದಿಲಿನ ಫಿಲ್ಟರಿನ ಮೂಲಕವೇ ಹಾಯಿಸಬೇಕು.

ಪ್ರ: ಇಬ್ಬರಲ್ಲಿ ಒಬ್ಬರು ಮಲಗಿದಾಗ, ಕಾವಲಿನಲ್ಲಿ ಇರುವವರು ಎಷ್ಟು ನಿಮಿಷಕ್ಕೊಮ್ಮೆ ಸುತ್ತ ನೋಡಿದರೆ ಸಾಕು? ಇಪ್ಪತ್ತು ನಿಮಿಷ ಎನ್ನುತ್ತಾರೆ.

ಉ: ನಿಯಮದ ಪ್ರಕಾರ ಕಾವಲು ಎಡೆಬಿಡದೆ ಇರಬೇಕು, ಅದೇ ಸರಿ. ಇಪ್ಪತ್ತು ನಿಮಿಷ ಏಕೆ ಹೆಚ್ಚಾಯಿತು ಎಂದು ನೋಡಿ. 50 ಮೀಟರಿಗಿಂತ ಉದ್ದದ ಹಡಗಿನ ಕೂವೆಯ ದೀಪ ಕನಿಷ್ಠ 6 ಮೈಲು ದೂರಕ್ಕೆ ಕಾಣಬೇಕೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಹಡಗು 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲು), ನೀವು 6 ನಾಟ್, ಎದುರುಬದುರು ಬಂದರೆ ಆ 6 ಮೈಲು ಹದಿನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಮಳೆ ಬಂದರೆ ಇನ್ನೂ ಬೇಗ. ನಕಾಶೆ ನೋಡಲೋ ಚಹಾ ಕಾಯಿಸಲೋ ಒಳಗೆ ಹೋದರೂ ಎಂಟು ಹತ್ತು ನಿಮಿಷಕ್ಕೆ ಮತ್ತೆ ಮೇಲೆ ಬಂದು ಸುತ್ತಲೂ, ಹಿಂದಕ್ಕೂ, ನೋಡಲೇಬೇಕು. ಹಡಗುಗಳು ರೇಡಿಯೊ ಮೂಲಕ ಸಾರುವ ತಮ್ಮ ಸ್ಥಾನವನ್ನು ಹಿಡಿದು ಎಐಎಸ್ ಪರದೆ ಅವನ್ನು ತೋರಿಸುತ್ತದೆ. ಆ ಸಾಧನವಿಲ್ಲದ ಮೀನುಗಾರಿಕೆ ದೋಣಿಯನ್ನು ತೋರಿಸುವುದಿಲ್ಲ.

ಮೂರು ಗಂಟೆ ಕಾವಲು, ಮೂರು ಗಂಟೆ ನಿದ್ದೆ ಬಹುತೇಕರಿಗೆ ಒಗ್ಗುತ್ತದೆ. ಮೊದಲ ಮೂರು ದಿನ ಕಷ್ಟ, ಆಮೇಲೆ ದೇಹ ಹೊಂದಿಕೊಳ್ಳುತ್ತದೆ. ಒಂಟಿ ಕಾವಲಿನಲ್ಲಿ ಇರುವವರು ಕ್ಯಾಬಿನ್ನಿನ ಬಾಗಿಲು ದಾಟುವ ಮೊದಲೇ ಎದೆಗೆ ತೊಟ್ಟ ಸುರಕ್ಷಾ ಪಟ್ಟಿಯ ಕೊಂಡಿಯನ್ನು ದೋಣಿಗೆ ಸಿಕ್ಕಿಸಿಕೊಳ್ಳಲಿ. ಇನ್ನೊಬ್ಬರನ್ನು ಎಬ್ಬಿಸದೆ ಕೂವೆಯ ಬಳಿಗೆ ಹೋಗಕೂಡದು.

ಪ್ರ: ದೋಣಿಯೊಳಗೆ ಅಡುಗೆ ಗ್ಯಾಸ್ ಇಡುವುದು ಕ್ಷೇಮವೇ?

ಉ: ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನ ಸಂದಿಯಿಂದ ಹರಿದು ಹೋಗಬಹುದು. ದೋಣಿ ಎಂದರೆ ಬಟ್ಟಲು, ಸೋರಿದ್ದೆಲ್ಲ ತಳದಲ್ಲಿ ನಿಲ್ಲುತ್ತದೆ. ಸಿಲಿಂಡರು ಕ್ಯಾಬಿನ್ನಿಗೆ ಸಂಬಂಧವಿಲ್ಲದ, ತಳದಿಂದ ಹೊರಕ್ಕೆ ತೂತಿರುವ ಪೆಟ್ಟಿಗೆಯಲ್ಲಿರಲಿ. ಸೋರಿಕೆ ಎಚ್ಚರಿಕೆಯ ಸಾಧನವನ್ನು ಒಲೆಯ ಮೇಲಲ್ಲ, ಕೆಳಗೆ ಕೂರಿಸಿ. ಅಡುಗೆ ಮುಗಿದಾಗ ಒಲೆ ಉರಿಯುತ್ತಿರುವಂತೆಯೇ ಸಿಲಿಂಡರಿನ ವಾಲ್ವು ಮುಚ್ಚಿ. ಪೈಪಿನಲ್ಲಿರುವುದು ಉರಿದು ಆರಿದ ಮೇಲೆ ಒಲೆಯ ತಿರುಗಣೆ ತಿರುಗಿಸಿ.

ಪ್ರ: ನಮ್ಮದು ಹಳೆಯ ದೋಣಿ. ನೀರು ಒಳಬರಲು, ಹೊರಹೋಗಲು ಒಡಲಿನಲ್ಲಿ ಮಾಡಿದ ತೂತುಗಳಿಗೆ ಇರುವ ವಾಲ್ವುಗಳನ್ನೆಲ್ಲ ಬದಲಿಸಬೇಕೇ? ನೀರು ತೋಡುವ ಒಳ್ಳೆಯ ವಿದ್ಯುತ್ ಪಂಪು ಇದೆಯಲ್ಲ.

ಉ: ಪಂಪನ್ನು ನಂಬುವ ಮೊದಲು ಈ ಲೆಕ್ಕ ನೋಡಿ. ನೀರಿನ ಮಟ್ಟದಿಂದ 60 ಸೆಂಟಿಮೀಟರ್ ಕೆಳಗೆ 5 ಸೆಂಟಿಮೀಟರ್ ಅಗಲದ ತೂತು ತೆರೆದುಕೊಂಡರೆ ನಿಮಿಷಕ್ಕೆ ಸುಮಾರು 240 ಲೀಟರ್ ನೀರು ಒಳನುಗ್ಗುತ್ತದೆ. ಗಂಟೆಗೆ 2,000 ಗ್ಯಾಲನ್ ಎಂದು ಬರೆದಿರುವ ಪಂಪು ನಿಮಿಷಕ್ಕೆ 126 ಲೀಟರ್ ಎತ್ತಬೇಕು. ಪೈಪಿನ ಎತ್ತರ, ತಿರುವುಗಳಿಂದ ಅಷ್ಟೂ ಬರುವುದಿಲ್ಲ.

ವಾಲ್ವುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಹಿತ್ತಾಳೆಯದಾದರೆ ಉಪ್ಪುನೀರು ಅದರ ಸತುವನ್ನು ತಿಂದು ಸ್ಪಂಜಿನಂಥ ತಾಮ್ರವನ್ನಷ್ಟೇ ಉಳಿಸುತ್ತದೆ. ಕೆರೆದು ನೋಡಿದಾಗ ಹಳದಿಯ ಬದಲು ನಸುಗೆಂಪು ಕಂಡರೆ ಅದು ಸತ್ತ ಲೋಹ, ಸುತ್ತಿಗೆಯ ಸಣ್ಣ ಏಟಿಗೂ ಮುರಿಯಬಹುದು. ಅಂಥವನ್ನು ದೋಣಿ ದಡದ ಮೇಲಿದ್ದಾಗ ಬದಲಿಸಿ. ಹೊಸದು ಕಂಚಿನದೋ ಸಮುದ್ರಕ್ಕೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನದೋ ಆಗಿರಲಿ. ಗಟ್ಟಿ ಇರುವವನ್ನು ತಿಂಗಳಿಗೊಮ್ಮೆ ತೆರೆದು ಮುಚ್ಚಿ, ಇಲ್ಲವಾದರೆ ಬೇಕಾದ ಹೊತ್ತಿಗೆ ಹಿಡಿ ಕದಲುವುದಿಲ್ಲ. ವಾಲ್ವು ಮುರಿದರೆ ತೂತಿಗೆ ಜಡಿಯಲು, ಪ್ರತಿ ವಾಲ್ವಿನ ಪಕ್ಕದಲ್ಲೂ ಅದೇ ಅಳತೆಯ, ಮೆದು ಮರದ, ಮೊನಚು ಬೆಣೆಯೊಂದನ್ನು ದಾರದಿಂದ ಕಟ್ಟಿಡಿ. ಬೆಣೆಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಎಲ್ಲೋ ಇಟ್ಟರೆ, ಕತ್ತಲಲ್ಲಿ ಮೊಣಕಾಲುದ್ದ ನೀರಿನಲ್ಲಿ ಆ ಚೀಲವನ್ನು ಹುಡುಕಬೇಕಾಗುತ್ತದೆ.