ಸಾವಿರ ಲೀಟರಿನ ಫಿಲ್ಟರ್ ಹಾಕಿದರೆ ನೀರು ತಿಳಿಯಾಗುತ್ತಾ?

ಪ್ರಶ್ನೆ: ನಮ್ಮ ಅಕ್ವೇರಿಯಂ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ ಇದೆ. ನಾಲ್ಕು ಗೋಲ್ಡ್ ಫಿಶ್ ಇವೆ. ಗಂಟೆಗೆ 300 ಲೀಟರಿನ ಫಿಲ್ಟರ್ ಒಳಗೇ ಕೂತಿದೆ. ಸದ್ದು ಅಂತ ರಾತ್ರಿ ಆಫ್ ಮಾಡುತ್ತೇವೆ. ತಿಂಗಳಿಗೊಮ್ಮೆ ಎಲ್ಲವನ್ನೂ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯುತ್ತೇವೆ. ಆದರೂ ನೀರು ವಾರದೊಳಗೆ ಮಬ್ಬಾಗುತ್ತದೆ. ಅಂಗಡಿಯವರು 1000 ಲೀಟರಿನದು ಹಾಕಿ ಅಂತಾರೆ. ಹಾಕಲಾ?
— ಓದುಗರು, ದಾವಣಗೆರೆ

ಉತ್ತರ: ಬೇಡ. ದುಡ್ಡು ಕೊಡುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ನಿಮ್ಮದು ಎರಡು ಘನ ಅಡಿ, ಅಂದರೆ 56 ಲೀಟರ್. ಆದರೆ ತಳದಲ್ಲಿ ಜಲ್ಲಿ ಇದೆ, ಮೇಲೆ ಒಂದೆರಡು ಇಂಚು ಖಾಲಿ ಬಿಟ್ಟಿರುತ್ತೀರಿ. ನಿಜವಾಗಿ ಇರುವುದು 40–45 ಲೀಟರ್ ಅಷ್ಟೇ. ಸಾಮಾನ್ಯ ಮೀನುಗಳಿಗೆ ಇಡೀ ನೀರು ಗಂಟೆಗೆ ನಾಲ್ಕರಿಂದ ಆರು ಸಲ ಫಿಲ್ಟರಿನಲ್ಲಿ ಸುತ್ತಿದರೆ ಸಾಕು. ಗೋಲ್ಡ್ ಫಿಶ್ ಮಾತ್ರ ತಿಂದಷ್ಟೂ ಗಲೀಜು ಮಾಡುವ ಜಾತಿ. ಅದಕ್ಕೆ ಎಂಟು–ಹತ್ತು ಸಲ ಇಟ್ಟುಕೊಳ್ಳಿ. ಅಲ್ಲಿಗೆ ನಿಮಗೆ ಬೇಕಾದ್ದು ಗಂಟೆಗೆ ಸುಮಾರು 400 ಲೀಟರ್.

ಇಲ್ಲೊಂದು ಕಿತಾಪತಿ ಇದೆ. ಡಬ್ಬಿಯ ಮೇಲಿನ ಅಂಕಿ ಸಾಮಾನ್ಯವಾಗಿ ಬರೀ ಮೋಟರಿನದು. ಒಳಗೆ ಸ್ಪಂಜು ಹಾಕಿ, ಅದಕ್ಕೆ ಎರಡು ವಾರದ ಕಸ ಕೂತ ಮೇಲೆ ಅಷ್ಟು ನೀರು ಬರುವುದಿಲ್ಲ. ನೀವೇ ನೋಡಿ. ಸ್ವಿಚ್ ಆಫ್ ಮಾಡಿ, ನೀರು ಎಳೆಯುವ ಭಾಗ ಮುಳುಗಿಯೇ ಇರುವಂತೆ ಫಿಲ್ಟರನ್ನು ಮೇಲೆತ್ತಿ ಅಂಟಿಸಿ. ನೀರು ಬಿಡುವ ಬಾಯಿ ಹೊರಗೆ ಬರಲಿ. ಅದರ ಮುಂದೆ ಒಂದು ಲೀಟರಿನ ಜಗ್ ಹಿಡಿಯಲು ಸಿದ್ಧವಾಗಿ, ಆಮೇಲೆ ಸ್ವಿಚ್ ಹಾಕಿಸಿ. ಜಗ್ ತುಂಬಲು 18 ಸೆಕೆಂಡ್ ಹಿಡಿದರೆ ಗಂಟೆಗೆ 200 ಲೀಟರ್, 9 ಸೆಕೆಂಡ್ ಆದರೆ 400. ನಿಮ್ಮ 300ರ ಫಿಲ್ಟರ್ 200 ಕೊಟ್ಟರೆ ನನಗೇನೂ ಆಶ್ಚರ್ಯವಿಲ್ಲ. ಹಾಗಾಗಿ ಡಬ್ಬಿಯ ಮೇಲೆ 500–600 ಇರುವುದು, ಅದರಲ್ಲೂ ಸ್ಪಂಜು ದಪ್ಪಗಿರುವುದು ನಿಮಗೆ ಸರಿ. ಸಾವಿರದ್ದು ಹಾಕಿದರೆ ಗುಂಡು ಹೊಟ್ಟೆಯ, ಉದ್ದ ಬಾಲದ ಗೋಲ್ಡ್ ಫಿಶ್ ದಿನವಿಡೀ ಹೊಳೆಗೆ ಎದುರು ಈಜಬೇಕಾಗುತ್ತದೆ, ಪಾಪ.

ಆದರೆ ನನ್ನ ಅನುಮಾನ ಬೇರೆ. ಇಲ್ಲಿ ಫಿಲ್ಟರ್ ಚಿಕ್ಕದು ಅನ್ನುವುದಕ್ಕಿಂತ ಅದನ್ನು ಬದುಕಲು ನೀವು ಬಿಡುತ್ತಿಲ್ಲ. ಸ್ಪಂಜಿನ ಕೆಲಸ ಕಸ ಹಿಡಿಯುವುದಷ್ಟೇ ಅಲ್ಲ. ಅದರ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತವೆ. ಮೀನಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ಅವು ನೈಟ್ರೈಟ್ ಮಾಡುತ್ತವೆ, ಆಮೇಲೆ ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ನಾಲ್ಕನೇ ವಾರಕ್ಕೆ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯುತ್ತೀರಿ. ಮತ್ತೆ ಮೊದಲಿನಿಂದ ಶುರು! ಇನ್ನು ಮೇಲೆ ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್ಟಿಗೆ ಹಾಕಿ, ಸ್ಪಂಜನ್ನು ಅದರಲ್ಲಿ ಎರಡು ಸಲ ಹಿಂಡಿ ವಾಪಸ್ ಹಾಕಿ. ಸ್ಪಂಜು ಕಂದಾಗಿಯೇ ಇರಲಿ, ಪರವಾಗಿಲ್ಲ.

ರಾತ್ರಿ ಆಫ್ ಮಾಡುವುದನ್ನೂ ಬಿಡಿ. ನೀರು ನಿಂತರೆ ಆ ಬ್ಯಾಕ್ಟೀರಿಯಾಗಳಿಗೆ ಉಸಿರು ಸಿಗುವುದಿಲ್ಲ. ಕರೆಂಟ್ ಬಿಲ್ಲಿನ ಹೆದರಿಕೆಯೂ ಬೇಡ. 8 ವ್ಯಾಟಿನ ಫಿಲ್ಟರ್ ಇಡೀ ತಿಂಗಳು ಓಡಿದರೆ ಆರು ಯೂನಿಟ್ ಕೂಡ ದಾಟದು. ಸದ್ದಿಗೆ ಹೆಚ್ಚಾಗಿ ಕಾರಣ ಮೋಟರಿನ ಪುಟ್ಟ ಚಕ್ರಕ್ಕೆ ಸುತ್ತಿಕೊಂಡ ಕಸ. ಪ್ಲಗ್ ಕಿತ್ತು, ಅದನ್ನು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ನೋಡಿ.

ಇನ್ನೊಂದು ಮಾತು, ಅಂಗಡಿಯವರು ಹೇಳದೇ ಇರುವುದು. ಈ ಟ್ಯಾಂಕಿಗೆ ನಾಲ್ಕು ಗೋಲ್ಡ್ ಫಿಶ್ ಜಾಸ್ತಿ. ಬೆಳೆದರೆ ಒಂದೊಂದೂ ಅಂಗೈ ದಾಟುತ್ತದೆ. ಎರಡನ್ನು ದೊಡ್ಡ ಟ್ಯಾಂಕ್ ಇರುವ ಯಾರಿಗಾದರೂ ಕೊಡಿ. ಉಳಿಯುವ ನೈಟ್ರೇಟನ್ನು ಇಂಥ ಫಿಲ್ಟರ್ ತೆಗೆಯುವುದಿಲ್ಲ, ವಾರಕ್ಕೆ ಕಾಲು ಭಾಗ ನೀರು ಬದಲಿಸಿಯೇ ತೆಗೆಯಬೇಕು. ಹೊಸ ಫಿಲ್ಟರ್ ತಂದರೆ, ಅದರಲ್ಲೂ ಬ್ಯಾಕ್ಟೀರಿಯಾ ನೆಲೆಯೂರುವಂತೆ ಹಳೆಯದನ್ನೂ ಒಂದು ತಿಂಗಳು ಜೊತೆಗೇ ಓಡಿಸಿ.

ಪ್ರಶ್ನೆ: 15 ಲೀಟರಿನ ಟ್ಯಾಂಕಿನಲ್ಲಿ ಒಂದೇ ಒಂದು ಬೆಟ್ಟಾ ಮೀನು ಇದೆ. ಯಾವ ಫಿಲ್ಟರ್ ತರಲಿ?
— ಓದುಗರು, ಮೈಸೂರು

ಉತ್ತರ: ಏರ್ ಪಂಪಿಗೆ ಜೋಡಿಸುವ ಚಿಕ್ಕ ಸ್ಪಂಜು ಫಿಲ್ಟರ್ ತನ್ನಿ, ಸಾಕು. ಬೆಟ್ಟಾಗೆ ನಿಧಾನದ ನೀರೇ ಇಷ್ಟ. ಪಂಪನ್ನು ಮಾತ್ರ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಕೆಳಗಿಟ್ಟರೆ ಕರೆಂಟ್ ಹೋದಾಗ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯಬಹುದು.