ಕಾಲು ಗಂಟೆಗೆ ಸರಿಹೋಯ್ತಲ್ಲ, ಇನ್ಯಾಕೆ ಡಾಕ್ಟ್ರು?

ಪತ್ರ ಹರಿಹರದಿಂದ ಬಂದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ. ಯಜಮಾನರಿಗೆ 58 ವರ್ಷ. ಬೆಳಗ್ಗೆ ರೊಟ್ಟಿ ತಿನ್ನುವಾಗ ಬಲಗೈಯಿಂದ ತುತ್ತು ಜಾರಿತು, ಮಾತು ತೊದಲಿತು. ಕಾಲು ಗಂಟೆಗೆ ಎಲ್ಲ ಮೊದಲಿನಂತಾಗಿ ಅಂಗಡಿಗೂ ಹೋದರು. "ಪಿತ್ತ ಅಂತಾರೆ. ಜಗಳೂರು ಕಡೆಯಿಂದ ಬಂದ ನಮ್ಮತ್ತೆಯವರಿಗೂ ನಡೆಯುವಾಗ ಚಪ್ಪಲಿ ಜಾರುತ್ತೆ. ನ್ಯೂರೋ ಡಾಕ್ಟ್ರ ಹತ್ರ ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಬೇಡ? ನಿಮ್ಹಾನ್ಸ್ ಅಂದ್ರೆ ಇವರು ಸಿಡುಕ್ತಾರೆ, ಜನ ಏನಂದುಕೊಳ್ತಾರೆ ಅಂತ" ಎಂದು ಕೇಳಿದ್ದಾರೆ.

ಸೋದರಿ,

ನಿಮ್ಮ ಪತ್ರ ನಮ್ಮ ಕೈ ಸೇರುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಓದಿದ ತಕ್ಷಣ ಫೋನ್ ಮಾಡಿ, ಅಂಗಡಿ ಮುಚ್ಚಿಸಿ ಇವತ್ತೇ ಅವರನ್ನು ದಾವಣಗೆರೆಗೆ ಕರೆದೊಯ್ಯಿರಿ ಎಂದೆ. ಅಷ್ಟು ಅವಸರ ಮಾಡಿದ್ದೇಕೆ ಎಂಬುದನ್ನು ಉಳಿದ ಓದುಗರಿಗೂ ಗೊತ್ತಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಸಣ್ಣ ಹೆಪ್ಪೊಂದು ಸಿಕ್ಕಿಕೊಂಡು ತಾನಾಗಿಯೇ ಕರಗಿದರೆ ಹೀಗಾಗುತ್ತದೆ. ವೈದ್ಯರು ಟಿಐಎ ಅನ್ನುತ್ತಾರೆ. ಆ ಹೆಪ್ಪು ಕರಗಿತು ನಿಜ, ಅದು ಹುಟ್ಟಿದ ಜಾಗ ಹಾಗೇ ಇದೆ: ಕುತ್ತಿಗೆಯ ನಾಳದಲ್ಲಿ ಕಟ್ಟಿದ ಕೊಬ್ಬೋ, ಲಯ ತಪ್ಪಿದ ಹೃದಯವೋ. ಇಂಥದ್ದಾದ ಮೇಲೆ ದೊಡ್ಡ ಲಕ್ವ ಹೊಡೆಯುವ ಅಪಾಯ ಮೊದಲ 48 ಗಂಟೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು, ಆಮೇಲೂ ವಾರಗಟ್ಟಲೆ ಇರುತ್ತದೆ.

ನಮ್ಮ ಸೋದರಮಾವನಿಗೆ ಹೊಳಲ್ಕೆರೆ ಹತ್ತಿರದ ತೋಟದಲ್ಲಿ ಅಡಿಕೆ ಸುಲಿಯುವಾಗ ಹೀಗೇ ಆಗಿತ್ತು. ಹತ್ತು ನಿಮಿಷಕ್ಕೆ ಎದ್ದು ಓಡಾಡಿದರು. ನಾವು ಎಳನೀರು ಕುಡಿಸಿ ಮಲಗಿಸಿದೆವು. ಮೂರನೇ ದಿನ ಏಳುವಾಗ ಮಾತು ನಿಂತಿತ್ತು, ಬಲಭಾಗ ಬಿದ್ದಿತ್ತು. ಏಳು ವರ್ಷ ಬದುಕಿದರು, ನನ್ನ ಹೆಸರು ಹಿಡಿದು ಕರೆಯಲು ಕೊನೆವರೆಗೂ ಆಗಲಿಲ್ಲ. ಆ ಎರಡು ದಿನ ನಮ್ಮ ಕೈಯಲ್ಲಿತ್ತು, ನಾನೂ ಅದೇ ಮನೆಯಲ್ಲಿದ್ದೆ.

ತೊಂದರೆ ಹಾಗೇ ಉಳಿದು ಬಾಯಿ ಸೊಟ್ಟಗಾಗಿ, ಒಂದು ಕೈ ಮೇಲೇಳದಿದ್ದರೆ ಮೊದಲು ಗಡಿಯಾರ ನೋಡಿಕೊಂಡು 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್‌ನಲ್ಲಿ ಮೆದುಳಿನೊಳಗೆ ರಕ್ತ ಸೋರಿಲ್ಲವೆಂದು ಖಚಿತವಾಗಬೇಕು. ನಿಮ್ಹಾನ್ಸ್ ಇರುವ ಬೆಂಗಳೂರು ದಾವಣಗೆರೆಯಿಂದಲೇ ಸುಮಾರು 260 ಕಿಲೋಮೀಟರ್. ಆ ಹೊತ್ತೆಲ್ಲ ಹೆದ್ದಾರಿಯಲ್ಲೇ ಕರಗುತ್ತದೆ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಉಂಟು, ಮೊದಲು ಅಲ್ಲಿಗೆ ಹೋಗಿ. ಪಾರಿವಾಳದ ರಕ್ತ ಹಚ್ಚಿಸಲು, ನಾಟಿ ಎಣ್ಣೆ ತಿಕ್ಕಿಸಲು ದಯವಿಟ್ಟು ಹೋಗಬೇಡಿ. ನುಂಗಲು ಬರದೆ ಉಸಿರಿಗೆ ಸಿಕ್ಕಬಹುದು, ಆದ್ದರಿಂದ ಬಾಯಿಗೆ ನೀರನ್ನೂ ಹಾಕಬೇಡಿ.

ಅತ್ತೆಯವರ ಚಪ್ಪಲಿಯ ಮಾತನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅದು ಸಣ್ಣದೆನಿಸಲಿಲ್ಲ. ಜಾರಿದ್ದು ಅವರಿಗೆ ಗೊತ್ತಾಗುತ್ತದೆಯೇ ಕೇಳಿ. ಗೊತ್ತಾಗಿಯೂ ಜಾರಿದರೆ ಪಾದದ ಬಲ ಕುಗ್ಗಿರಬಹುದು. ಗೊತ್ತೇ ಆಗದೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹೋಗಿದ್ದರೆ ಸ್ಪರ್ಶ ಹೋಗಿದೆ. ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಮುಂದಕ್ಕೆ ಮುಗ್ಗರಿಸುತ್ತಾರೆಯೇ, ಅದನ್ನೂ ಗಮನಿಸಿ. ಕಾಲು ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟದಿದ್ದಾಗ ಹಾಗಾಗುತ್ತದೆ. ಸಕ್ಕರೆ ಕಾಯಿಲೆಯೂ ವಿಟಮಿನ್ ಬಿ12 ಕೊರತೆಯೂ ಇದಕ್ಕೆ ಕಾರಣವಾಗಬಹುದು. ಹಾಲು ಮೊಸರು ಕಡಿಮೆ ತಿನ್ನುವ ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಿಗೆ ಬಿ12 ಕಡಿಮೆಯಾಗಬಹುದು. ಇಷ್ಟೇ ಆಗಿದ್ದರೆ ರಕ್ತ ಪರೀಕ್ಷೆ ಬರೆಸಲು ನಿಮ್ಮ ಮಾಮೂಲಿ ಡಾಕ್ಟರೇ ಸಾಕು.

ಆದರೆ ಅವರು ಜಗಳೂರು ಕಡೆಯವರು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದ ಊರುಗಳಿವೆ. ಅಂಥ ನೀರನ್ನು ದಶಕಗಟ್ಟಲೆ ಕುಡಿದರೆ ಬೆನ್ನುಮೂಳೆಯ ಸುತ್ತಲ ಕಟ್ಟುಗಳು ಎಲುಬಿನಂತೆ ಗಟ್ಟಿಯಾಗಿ ಬೆನ್ನುಹುರಿಯನ್ನೇ ಒತ್ತಬಹುದು. ಕತ್ತು ಬಗ್ಗುವುದಿಲ್ಲ, ಕಾಲು ಸೆಡೆತುಕೊಳ್ಳುತ್ತವೆ, ಬರಬರುತ್ತ ಮೂತ್ರದ ಹಿಡಿತವೂ ತಪ್ಪುತ್ತದೆ. ಹಲ್ಲಿನ ಮೇಲೆ ಚಿಕ್ಕಂದಿನಿಂದ ಕಂದು ಕಲೆ ಇದೆಯೇ ನೋಡಿ. ವಯಸ್ಸಾಯ್ತು, ಮಂಡಿನೋವು ಎಂದು ನೋವಿನೆಣ್ಣೆ ತಿಕ್ಕುತ್ತಾ ಕೂತ ನಮ್ಮ ಎಷ್ಟೋ ಅಜ್ಜಿಯರನ್ನು ಈ ಬಗ್ಗೆ ಯಾರೂ ಕೇಳಿಲ್ಲ ಎಂಬ ಸಂಕಟ ನನಗಿದೆ. ಕಾಲು ಬಿಗಿಯುತ್ತಿದ್ದರೆ ನರರೋಗ ತಜ್ಞರೇ ನೋಡಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಸೆಟೆಯುವುದು, ಐದು ನಿಮಿಷ ಮೀರಿದ ಮೂರ್ಛೆ: ಮೂರಕ್ಕೂ ತಕ್ಷಣ ಆಸ್ಪತ್ರೆ. ಮೂರ್ಛೆ ಬಂದವರ ಕೈಗೆ ಬೀಗದ ಕೈ ಕೊಡುತ್ತಾ ಹೊತ್ತು ಕಳೆಯಬೇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಬೇಗ ನಿಂತರೂ ಮೊದಲ ಸಲದ್ದಾದರೆ ತಜ್ಞರಿಗೆ ತೋರಿಸಿ. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತೋರಿಸಬೇಕು. ಕೈಮೇಲೆ ಮಲಗಿದ್ದರಿಂದ ಹಿಡಿದ ಜೋಮು ಕೊಡವಿದರೆ ಹೋಗುತ್ತದೆ, ಅದಕ್ಕೆ ಯಾರೂ ಬೇಡ. ನಿದ್ದೆಗೆಟ್ಟ ಮರುದಿನದ ತಲೆನೋವಿಗೂ ಅಷ್ಟೆ.

ಯಜಮಾನರಿಗೆ ಹೇಳಿ, 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಸೇರಿಯೇ ನಿಮ್ಹಾನ್ಸ್ ಆದದ್ದು ನಿಜ. ಆದರೆ ಲಕ್ವ, ಮೂರ್ಛೆ, ಬೆನ್ನುಹುರಿಯ ತೊಂದರೆಗಳಿಗೂ ಅಲ್ಲಿ ಚಿಕಿತ್ಸೆ ಇದೆ. ಇಲ್ಲಿನ ಡಾಕ್ಟರು ಅಲ್ಲಿಗೆ ಬರೆದುಕೊಟ್ಟರೆ ಸಂಕೋಚವಿಲ್ಲದೆ ಹೋಗಲಿ.

ಅಂದು ರೊಟ್ಟಿ ಜಾರಿದ ಹೊತ್ತನ್ನು, ಅವರು ನುಂಗುವ ಮಾತ್ರೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅತ್ತೆಯವರನ್ನು ಕರೆದೊಯ್ಯುವಾಗ ಹಳೆಯ ಚಪ್ಪಲಿಯನ್ನೇ ಹಾಕಿಸಿ. ಮುಂದಿನ ತುದಿ ಸವೆದಿದ್ದರೆ ಡಾಕ್ಟರಿಗೆ ತಿರುಗಿಸಿ ತೋರಿಸಿ.